ಬೋಗಿ ಮರದ ಇನ್ನೊಂದು ತುದಿ

ಜೂನ್ ಮೊದಲ ವಾರ ಮೂಡುಬಿದಿರೆಯಿಂದ ಕಾರ್ಕಳದ ಕಡೆಗೆ ಹೋಗುವಾಗ ರಸ್ತೆಯ ಅಂಚಿನ ಮೇಲೆ ಒಂದು ಕಣ್ಣಿಟ್ಟಿರಬೇಕು. ಎರಡು ದೊಡ್ಡ ಮಳೆ ಬಿದ್ದು ಮುರಕಲ್ಲಿನ ಕಾವು ಇಳಿದಿರುತ್ತದೆ. ಯಾವುದೋ ತಿರುವಿನಲ್ಲಿ ಮರದಡಿ ಗೋಣಿಚೀಲ ಹಾಸಿಕೊಂಡು ಒಬ್ಬರು ಹೆಂಗಸು ಕೂತಿರುತ್ತಾರೆ. ಮುಂದೆ ಒಂದು ಬುಟ್ಟಿ, ಅದರೊಳಗೊಂದು ಸೇರು. ಬುಟ್ಟಿ ತುಂಬ ಕೆಮ್ಮಣ್ಣು ಮೆತ್ತಿದ ಗೋಲಿಗಳಂಥ ಗುಂಡುಗಳು. ಮೊದಲ ಸಲ ಕಂಡಾಗ ನನಗದು ತಿನ್ನುವ ಪದಾರ್ಥ ಅನ್ನಿಸಿರಲೇ ಇಲ್ಲ. ಬೈಕ್ ನಿಲ್ಲಿಸಿ, ‘ಇದೇನಮ್ಮ, ಕಲ್ಲಾ?’ ಎಂದು ಕೇಳಿದ್ದೆ.

‘ಕಲ್ಲಲ್ಲ ಮಾರಾಯ್ರೆ, ಕಲ್ಲಣಬೆ. ಒಂದು ಸೇರು ತಕೊಂಡೋಗಿ. ನಾಳೆ ಬಂದ್ರೆ ಇರುದಿಲ್ಲ.’

ಅವರು ಒಂದು ಗುಂಡನ್ನು ಎತ್ತಿ, ಸೆರಗಿನಲ್ಲಿ ಮಣ್ಣೊರೆಸಿ, ಕತ್ತಿಯ ಮೊನೆಗೆ ಒತ್ತಿದರು. ‘ಟಪ್’ ಎಂದು ಎರಡು ಹೋಳಾಯಿತು. ಹೊರಗೊಂದು ಗಟ್ಟಿ ಸಿಪ್ಪೆ, ಒಳಗೆ ತೆಂಗಿನ ಎಳೆ ತಿರುಳಿನಷ್ಟು ಬಿಳಿ. ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ‘ಅಲ್ಲಿ, ಗುಡ್ಡೆಯಲ್ಲಿ’ ಎಂದು ಗಲ್ಲ ಎತ್ತಿ ತೋರಿಸಿದರು. ಆ ದಿಕ್ಕಿನಲ್ಲಿ ಕಣ್ಣು ಹಾಯುವಷ್ಟು ದೂರವೂ ಗುಡ್ಡೆಯೇ ಇತ್ತು. ಕಲ್ಲಣಬೆ ಹೆಕ್ಕುವವರು ಜಾಗ ಹೇಳುವುದಿಲ್ಲ. ಹೇಳಬಾರದು ಕೂಡ, ಅದು ಅವರು ವರ್ಷಗಟ್ಟಲೆ ಕಾಲು ಸವೆಸಿ ಗಳಿಸಿದ ಆಸ್ತಿ.

ಆದರೆ ಹುಡುಕುವ ಕ್ರಮವನ್ನು ಹೇಳಲು ಅವರು ಹಿಂದೆಮುಂದೆ ನೋಡಲಿಲ್ಲ. ಹಾಡಿಗೆ, ಅಂದರೆ ಊರಂಚಿನ ಕುರುಚಲು ಕಾಡಿಗೆ, ಹೋದರೆ ಅವರ ಕಣ್ಣು ಮೊದಲು ನೆಲಕ್ಕೆ ಹೋಗುವುದಿಲ್ಲವಂತೆ, ಮರಕ್ಕೆ ಹೋಗುತ್ತದಂತೆ. ಬೋಗಿ ಮರ ಎಲ್ಲಿದೆ ನೋಡಿಕೊಂಡು, ಆಮೇಲೆ ಅದರ ಸುತ್ತಿನ ಮಣ್ಣು ಕೆದಕುವುದು. ಬೋಗಿ ಎಂದರೆ ಕಿರಾಲುಬೋಗಿ. ದೋಣಿಗೂ ಸೇತುವೆಯ ಕಂಬಕ್ಕೂ ರೈಲು ಹಳಿಯ ಅಡಿಮರಕ್ಕೂ ಹೆಸರಾದ ಗಟ್ಟಿ ಮರ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಹೋಪಿಯಾ ಪಾರ್ವಿಫ್ಲೋರಾ. ಈ ಮರಕ್ಕೂ ಆ ಗುಂಡಿಗೂ ಏನು ಸಂಬಂಧ ಎಂಬುದನ್ನು ತಿಳಿಯಲು ಹೊರಟವನಿಗೆ ಕೈಗೆ ಸಿಕ್ಕಿದ್ದು ಅಡುಗೆಮನೆಯಿಂದ ಹೊರಟು ಖಂಡಗಳು ಒಡೆದ ಕಾಲದವರೆಗೆ ಹೋಗುವ ಒಂದು ಕಥೆ.

ಮೊದಲು ಅಡುಗೆಮನೆ. ತುಳುವಿನಲ್ಲಿ ಇದಕ್ಕೆ ಕಲ್ಲಲಾಂಬು ಎನ್ನುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮನೆಗಳಲ್ಲಿ ವರ್ಷಕ್ಕೆ ಎರಡೋ ಮೂರೋ ವಾರ ಮಾತ್ರ ಒಲೆ ಏರುವ ಪದಾರ್ಥ. ಬೆಲೆಯಲ್ಲಿ ಕೋಳಿಯನ್ನು ಹಿಂದೆ ಹಾಕುತ್ತದೆ. ಆದರೂ ಚೌಕಾಸಿ ಮಾಡುವವರು ಕಡಿಮೆ, ಏಕೆಂದರೆ ಹೆಕ್ಕುವ ಕಷ್ಟ ಎಲ್ಲರಿಗೂ ಗೊತ್ತು. ತೊಳೆಯುವುದೇ ಅರ್ಧ ಕೆಲಸ: ನಾಲ್ಕೈದು ನೀರು ಬದಲಾಯಿಸಿ ಉಜ್ಜಿದರೂ ಸಿಪ್ಪೆಯ ಸಂದಿನಲ್ಲಿ ಮಣ್ಣು ಉಳಿಯುತ್ತದೆ. ಆಮೇಲೆ ಒಂದೊಂದನ್ನೂ ಎರಡು ಹೋಳು ಮಾಡಬೇಕು. ಒಳಗೆ ಬಿಳಿ ಇದ್ದರೆ ಪಾತ್ರೆಗೆ. ಕಂದಿದ್ದರೆ ಅಥವಾ ಕಪ್ಪಗಿದ್ದರೆ ಹಿತ್ತಿಲಿಗೆ. ಹುರಿದ ಕೊತ್ತಂಬರಿ, ಬ್ಯಾಡಗಿ ಮೆಣಸು, ತೆಂಗಿನಕಾಯಿ, ಒಂದಿಷ್ಟು ಹುಣಸೆಹುಳಿ ಹಾಕಿ ಸುಕ್ಕ ಮಾಡುತ್ತಾರೆ, ಇಲ್ಲವೇ ಗಸಿ. ನೀರುದೋಸೆಯ ಜೊತೆ ಬಾಯಿಗಿಟ್ಟರೆ ಹೊರಸಿಪ್ಪೆ ಹಲ್ಲಿಗೆ ಕರಕರ ಎನ್ನುತ್ತದೆ, ಒಳತಿರುಳು ಬೆಣ್ಣೆಯಂತೆ ಕರಗುತ್ತದೆ. ಎರಡು ಬೇರೆ ಬೇರೆ ಪದಾರ್ಥಗಳನ್ನು ಒಂದೇ ತುತ್ತಿನಲ್ಲಿ ತಿಂದ ಹಾಗಿರುತ್ತದೆ.

ಹೋಳು ಮಾಡಿ ನೋಡುವುದು ರುಚಿಗಾಗಿ ಮಾತ್ರವಲ್ಲ, ಜೀವಕ್ಕಾಗಿ. ಇದೇ ಮಣ್ಣಿನಲ್ಲಿ, ಇದೇ ಗಾತ್ರದಲ್ಲಿ ಸ್ಕ್ಲಿರೊಡರ್ಮ ಎಂಬ ಇನ್ನೊಂದು ಗುಂಡಣಬೆ ಬೆಳೆಯುತ್ತದೆ. ಅದರ ಒಳಗು ಬಹು ಬೇಗ ನೇರಳೆಗಪ್ಪಿಗೆ ತಿರುಗುತ್ತದೆ. ತಿಂದರೆ ವಾಂತಿ, ಹೊಟ್ಟೆನೋವು. ಅದಕ್ಕಿಂತ ಅಪಾಯದ್ದು ಅಮಾನಿಟ ಜಾತಿಯ ವಿಷದ ಅಣಬೆಗಳ ಎಳೆಯ ಮೊಟ್ಟೆ. ಉದ್ದಕ್ಕೆ ಸೀಳಿದರೆ ಅದರೊಳಗೆ ಮಡಚಿಟ್ಟ ಕೊಡೆಯ ಗೆರೆ ಕಾಣುತ್ತದೆ. ಕಲ್ಲಣಬೆಯ ಒಳಗೆ ಅಂಥ ಯಾವ ಚಿತ್ರವೂ ಇರುವುದಿಲ್ಲ, ಒಂದೇ ಸಮನೆ ಬಿಳಿ. ಹಾಗೆಂದು ಈ ಲೇಖನ ಓದಿ ಯಾರೂ ಹಾಡಿಗೆ ಹೊರಡಬಾರದು. ಗೊತ್ತಿರುವವರ ಹಿಂದೆ ನಾಲ್ಕು ಮಳೆಗಾಲ ನಡೆದ ಮೇಲೆ ಹೊರಡಬಹುದು.

ಗುಡುಗು ಬಂದರೆ ಅಣಬೆ ಏಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಲ್ಲೆಡೆ ಇದೆ. ಮುಂಗಾರಿನ ಮೊದಲ ಮಳೆಗಳು ಗುಡುಗು ಸಿಡಿಲಿನೊಂದಿಗೇ ಬರುವುದರಿಂದ ಎರಡೂ ಜೊತೆಯಾಗಿ ಕಾಣುವುದು ಸಹಜ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಶಿಟಾಕೆ ಅಣಬೆ ಬೆಳೆಸುವ ಮರದ ದಿಮ್ಮಿಗಳಿಗೆ ಕ್ಷಣಮಾತ್ರದ ಭಾರೀ ವಿದ್ಯುತ್ ಹರಿಸಿ ಇಳುವರಿ ಹೆಚ್ಚಿದ್ದನ್ನು ಕಂಡಿದ್ದಾರೆ. ಹಳಬರ ಮಾತನ್ನು ಹಾಗೆಯೇ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಗುಡುಗು, ಮಳೆ ಎಲ್ಲವೂ ಬಾಗಿಲು ತಟ್ಟುವ ಕೈಗಳು. ಒಳಗೆ ಯಾರೋ ಇದ್ದರೆ ತಾನೇ ಬಾಗಿಲು ತೆರೆಯುವುದು? ಆ ‘ಯಾರೋ’ ವರ್ಷದ ಹನ್ನೆರಡು ತಿಂಗಳೂ ನೆಲದಡಿಯಲ್ಲೇ ಇರುತ್ತಾರೆ.

ನಾವು ಅಣಬೆ ಎನ್ನುವುದು ಶಿಲೀಂಧ್ರದ ಹಣ್ಣು. ಗಿಡ ಎಂದು ಹೇಳಬಹುದಾದದ್ದು ಮಣ್ಣಿನೊಳಗೆ ಹರಡಿರುವ ನವಿರಾದ ಎಳೆಗಳ ಬಲೆ. ಒಂದೊಂದು ಎಳೆಯೂ ಕೂದಲಿಗಿಂತ ಎಷ್ಟೋ ಪಾಲು ತೆಳು. ಈ ಬಲೆಗೆ ಹಸಿರಿಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಬರುವುದಿಲ್ಲ. ಹೊಟ್ಟೆಪಾಡಿಗೆ ಅಣಬೆಗಳು ಹಿಡಿದ ದಾರಿಗಳು ಬೇರೆ ಬೇರೆ. ಪೇಟೆಯಲ್ಲಿ ಪೊಟ್ಟಣದಲ್ಲಿ ಸಿಗುವ ಬಟನ್ ಅಣಬೆ, ಹುಲ್ಲಿನ ಚೀಲದಲ್ಲಿ ಬೆಳೆಸುವ ಚಿಪ್ಪಣಬೆ ಸತ್ತ ಹುಲ್ಲು, ಗೊಬ್ಬರ, ಮರವನ್ನು ಕೊಳೆಸಿ ತಿನ್ನುವ ಜಾತಿಯವು. ಮಲೆನಾಡಿನವರು ಹಬ್ಬದಂತೆ ಕಾಯುವ ಹುತ್ತದ ಅಣಬೆ ಗೆದ್ದಲುಗಳು ಸಾಕುವ ಬೆಳೆ. ಹುತ್ತದೊಳಗೆ ಗೆದ್ದಲು ತೋಟ ಮಾಡುತ್ತದೆ, ನಾವು ಕೊಯ್ಲು ಮಾಡುತ್ತೇವೆ. ಕಲ್ಲಣಬೆ ಮೂರನೆಯ ದಾರಿಯದು. ಅದು ಜೀವಂತ ಮರದ ಬೇರಿನ ಜೊತೆ ಮನೆ ಹೂಡುತ್ತದೆ.

ಬೋಗಿ ಮರದ ಬುಡದ ತರಗೆಲೆ ಸರಿಸಿ, ಮೇಲ್ಮಣ್ಣನ್ನು ಬೆರಳಲ್ಲಿ ಬಿಡಿಸಿದರೆ ಸೂಜಿಯಷ್ಟು ಸಣ್ಣ ಬೇರಿನ ತುದಿಗಳು ಸಿಗುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಹಲವು ತುದಿಗಳು ಮೊಂಡಾಗಿ, ಉಬ್ಬಿ, ಮೇಲೊಂದು ಬಟ್ಟೆ ಸುತ್ತಿದಂತೆ ಕಾಣುತ್ತವೆ. ಆ ಬಟ್ಟೆಯೇ ಶಿಲೀಂಧ್ರ. ಎಳೆಗಳು ಬೇರಿನ ತುದಿಗೆ ಕಾಲುಚೀಲ ನೇಯ್ದಿರುತ್ತವೆ. ಅಲ್ಲಿಂದ ಕೆಲವು ಎಳೆಗಳು ಒಳಕ್ಕೆ ನುಗ್ಗಿ ಬೇರಿನ ಜೀವಕೋಶಗಳ ಸಂದುಗಳಲ್ಲಿ ಹೆಣೆದುಕೊಳ್ಳುತ್ತವೆ, ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ. ಇಟ್ಟಿಗೆಯನ್ನು ಕೊರೆಯುವುದಿಲ್ಲ, ಕೋಶದ ಹೊಸ್ತಿಲು ದಾಟುವುದಿಲ್ಲ. ಈ ಹೆಣಿಗೆಗೆ ಅದನ್ನು ಮೊದಲು ವಿವರಿಸಿದ ಜರ್ಮನ್ ಅರಣ್ಯತಜ್ಞನ ಹೆಸರಿನಿಂದ ಹಾರ್ಟಿಗ್ ಬಲೆ ಎನ್ನುತ್ತಾರೆ. ಕೊಡುಕೊಳ್ಳುವ ವ್ಯವಹಾರವೆಲ್ಲ ನಡೆಯುವುದು ಇಲ್ಲಿಯೇ. ಎಲೆಗಳು ಬಿಸಿಲಲ್ಲಿ ಕಾಯಿಸಿದ ಸಕ್ಕರೆ ಈ ಕಡೆಯಿಂದ ಆ ಕಡೆಗೆ. ಮಣ್ಣಿನಿಂದ ಹೆಕ್ಕಿ ತಂದ ರಂಜಕ, ಸಾರಜನಕ, ನೀರು ಆ ಕಡೆಯಿಂದ ಈ ಕಡೆಗೆ.

ಇದನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡವರು ಬರ್ಲಿನ್ನಿನ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಪ್ರಷ್ಯಾ ಸರ್ಕಾರ ಅವರಿಗೆ ವಹಿಸಿದ್ದು ಬೇರೆ ಕೆಲಸ: ಭೋಜನಪ್ರಿಯರು ಮುಗಿಬೀಳುವ ಟ್ರಫಲ್ ಎಂಬ ನೆಲದಡಿಯ ಅಣಬೆಯನ್ನು ಬೆಳೆಸಲು ದಾರಿ ಹುಡುಕುವುದು. ಟ್ರಫಲ್ ಬೆಳೆಸುವ ದಾರಿ ಅವರಿಗೆ ಸಿಗಲಿಲ್ಲ. ಆದರೆ ಕಾಡಿನ ಮರಗಳ ಬೇರುಗಳನ್ನು ನೋಡುತ್ತ ಹೋದ ಹಾಗೆ ಆರೋಗ್ಯವಾಗಿರುವ ಮರದ ಬೇರಿಗೂ ಶಿಲೀಂಧ್ರ ಸುತ್ತಿಕೊಂಡಿರುವುದು ಕಣ್ಣಿಗೆ ಬಿತ್ತು. ರೋಗವಾದರೆ ಮರ ಸೊರಗಬೇಕಿತ್ತು, ಸೊರಗಿರಲಿಲ್ಲ. 1885ರಲ್ಲಿ ಅವರು ಇದಕ್ಕೆ ‘ಮೈಕೊರೈಜಾ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅಣಬೆ-ಬೇರು ಎಂದಷ್ಟೇ ಅರ್ಥ. ಶಿಲೀಂಧ್ರವೆಂದರೆ ರೋಗ ಎಂದೇ ತಿಳಿದಿದ್ದ ಕಾಲದಲ್ಲಿ ಅದು ಮರಕ್ಕೆ ದಾದಿಯಂತೆ ಉಣಿಸುತ್ತದೆ ಎಂದರೆ ಒಪ್ಪುವವರು ಕಡಿಮೆ. ಫ್ರಾಂಕ್ ಕಾಯಿಸಿ ಶುದ್ಧ ಮಾಡಿದ ಮಣ್ಣಿನಲ್ಲಿಯೂ ಕಾಡಿನ ಹಸಿ ಮಣ್ಣಿನಲ್ಲಿಯೂ ಪೈನ್ ಸಸಿ ಬೆಳೆಸಿ ಹೋಲಿಸಿದರು. ಶುದ್ಧ ಮಣ್ಣಿನ ಸಸಿಗಳೇ ಬಡಕಲಾಗಿದ್ದವು. ಮುಂದೆ 1950ರ ದಶಕದಲ್ಲಿ ಸ್ವೀಡನ್ನಿನ ಎಲಿಯಾಸ್ ಮೆಲಿನ್ ವಿಕಿರಣಶೀಲ ಗುರುತು ಹಚ್ಚಿದ ರಂಜಕ ಮತ್ತು ಇಂಗಾಲವನ್ನು ಹಿಂಬಾಲಿಸಿ, ಒಂದು ಮೇಲಕ್ಕೆ ಹೋಗುವುದನ್ನೂ ಇನ್ನೊಂದು ಕೆಳಕ್ಕೆ ಬರುವುದನ್ನೂ ತೋರಿಸಿಕೊಟ್ಟರು.

ಪ್ರಯೋಗಶಾಲೆಗಿಂತ ದೊಡ್ಡ ಪಾಠ ಕಲಿಸಿದ್ದು ನೆಡುತೋಪುಗಳು. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ಬೆಳೆಸಲು ಹೊರಟವರಿಗೆ ವರ್ಷಗಟ್ಟಲೆ ಸೋಲು. ಬೀಜ ಮೊಳೆಯುತ್ತಿತ್ತು, ಗೇಣುದ್ದ ಬಂದು ಹಳದಿಯಾಗಿ ನಿಂತುಬಿಡುತ್ತಿತ್ತು. 1955ರಲ್ಲಿ ಅಮೆರಿಕದ ಪೈನ್ ಕಾಡಿನ ಒಂದಿಷ್ಟು ಮಣ್ಣು ತಂದು ಬುಡಕ್ಕೆ ಹಾಕಿದ ಮೇಲೆ ಸಸಿಗಳು ಚಿಗಿತವು. ಮಣ್ಣಿನಲ್ಲಿ ಬಂದದ್ದು ಸಂಗಾತಿ ಶಿಲೀಂಧ್ರ. ನಮ್ಮ ನೀಲಗಿರಿ, ಕೊಡೈಕೆನಾಲ್‌ಗಳ ಪೈನ್ ತೋಪಿನಲ್ಲಿ ಕೆಂಪು ಟೊಪ್ಪಿಗೆಯ ಮೇಲೆ ಬಿಳಿ ಚುಕ್ಕೆಯ, ವಿದೇಶದ ಮಕ್ಕಳ ಪುಸ್ತಕಗಳಲ್ಲಿ ಕಾಣುವ ವಿಷದಣಬೆ ಏಳುವುದೂ ಹೀಗೇ: ಮರದ ಬೆನ್ನಿಗೆ ಅದೂ ಹಡಗು ಹತ್ತಿ ಬಂದಿದೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು. ಬೇರು-ಶಿಲೀಂಧ್ರಗಳ ನಂಟು ಬೋಗಿ ಮರದ್ದೇ ವಿಶೇಷವೇನಲ್ಲ. ಮಾವು, ಹಲಸು, ತೆಂಗು, ಅಡಿಕೆ, ಭತ್ತ ಎಲ್ಲಕ್ಕೂ ಬೇರಿನೊಳಗೆ ಶಿಲೀಂಧ್ರದ ನೆಂಟರಿದ್ದಾರೆ. ಆದರೆ ಅವು ಬೇರೆ ಕುಲದವು: ಕೋಶದ ಒಳಗೇ ಹೊಕ್ಕು ಕೂರುತ್ತವೆ, ಎಂದೂ ಅಣಬೆಯಾಗಿ ಮೇಲೇಳುವುದಿಲ್ಲ. ರೈತರು ಗೊಬ್ಬರದಂಗಡಿಯಲ್ಲಿ ‘ವ್ಯಾಮ್’ ಎಂದು ಕೇಳಿ ಪಡೆಯುವ ಪುಡಿ ಇದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ನಡೆಸಿದ ಸಂಶೋಧನೆ ಅದನ್ನು ಹೊಲದ ಮಾತಾಗಿಸಿತು. ಕಾಲುಚೀಲ ನೇಯುವ, ಅಣಬೆ ಬಿಡುವ ಶಿಲೀಂಧ್ರಗಳನ್ನು ಕಟ್ಟಿಕೊಂಡ ಗಿಡಮರಗಳು ನೂರಕ್ಕೆ ಎರಡು ಮಾತ್ರ ಎಂದು ಅಂದಾಜು. ಪೈನ್, ಓಕ್, ಬರ್ಚ್‌ಗಳಂಥ ಚಳಿನಾಡಿನ ಮರಗಳೇ ಅವುಗಳಲ್ಲಿ ಹೆಚ್ಚು. ನಮ್ಮ ಉಷ್ಣನಾಡಿನಲ್ಲಿ ಆ ಗುಂಪಿಗೆ ಸೇರಿದ ದೊಡ್ಡ ಮನೆತನ ಒಂದೇ: ಡಿಪ್ಟೆರೊಕಾರ್ಪ್ ಕುಟುಂಬ. ಎರಡು ರೆಕ್ಕೆಯ ಹಣ್ಣಿನವು ಎಂದು ಅರ್ಥ. ಕಿರಾಲುಬೋಗಿ ಈ ಮನೆಯದು. ಸಾಲು ಸಾಲಾಗಿ ರಸ್ತೆಬದಿ ನೆಟ್ಟ ಬಿಳಿ ಧೂಪದ ಮರ ಈ ಮನೆಯದು. ಉತ್ತರ ಭಾರತದ ಸಾಲ ವೃಕ್ಷವೂ ಇದೇ ಮನೆಯದು. ಕೊಡಗಿನ ಉಪ್ಪಂಗಳದ ಕಾಡಿನಲ್ಲಿ ಧೂಪ, ಬೋಗಿ ಜಾತಿಯ ಮರಗಳ ಬುಡದಲ್ಲಿ ಮಳೆಗಾಲಕ್ಕೆ ಬಣ್ಣಬಣ್ಣದ ರಸ್ಸುಲಾ ಅಣಬೆಗಳು ಎದ್ದು ನಿಲ್ಲುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಅವೆಲ್ಲ ಕಲ್ಲಣಬೆಯ ಹಾಗೆ ಬೇರು ಹಿಡಿದು ಬದುಕುವಂಥವೇ.

ಬೋಗಿಗೆ ಈ ಸಂಗಾತಿ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಕರಾವಳಿಯ ನೆಲದಲ್ಲೇ ಇದೆ. ಮುರಕಲ್ಲು ನಮ್ಮ ಮನೆಯ ಗೋಡೆ, ಬಾವಿಯ ಕಟ್ಟೆ. ಮಲಬಾರಿನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಕಟ್ಟುವುದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಂದು ಜಗತ್ತೆಲ್ಲ ಬಳಸುವ ಹೆಸರು ಅದು. ಲಕ್ಷಾಂತರ ಮಳೆಗಾಲಗಳು ತೊಳೆದು ತೊಳೆದು ಕರಗುವುದೆಲ್ಲ ಕರಗಿ ಹೋದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಗಟ್ಟಿ ಉಳಿಕೆ ಈ ಕಲ್ಲು. ಇದರ ಮಣ್ಣಿನಲ್ಲಿ ರಂಜಕ ಕಡಿಮೆ. ಇರುವಷ್ಟನ್ನೂ ಕಬ್ಬಿಣ, ಅಲ್ಯೂಮಿನಿಯಂಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅಕ್ಕಿ ಇಟ್ಟ ಹಾಗೆ: ಮನೆಯಲ್ಲಿ ಇದೆ, ಉಣ್ಣಲು ಸಿಗುವುದಿಲ್ಲ. ಮರದ ಬೇರು ದಪ್ಪ, ಮುರಕಲ್ಲಿನ ಸಂದು ಸಣ್ಣ. ಶಿಲೀಂಧ್ರದ ಎಳೆ ಆ ಸಂದಿಗೂ ನುಗ್ಗುತ್ತದೆ. ಇಂಥ ಶಿಲೀಂಧ್ರಗಳು ಆಕ್ಸಾಲಿಕ್ ಆಮ್ಲದಂಥವನ್ನು ಸ್ರವಿಸಿ ಖನಿಜದ ಹಿಡಿತ ಸಡಿಲಿಸುತ್ತವೆ. ಬಿಡಿಸಿಕೊಂಡ ರಂಜಕವನ್ನು ಬೇರಿಗೆ ಸಾಗಿಸುತ್ತವೆ. ಹುಲ್ಲು ಕೂಡ ಬೇಸಿಗೆಗೆ ಒಣಗಿ ಬೂದಿಯಾಗುವ ಗುಡ್ಡೆಯ ಮೇಲೆ ಬೋಗಿ ಮರ ಗಾಢ ಹಸಿರಾಗಿ ನಿಂತಿದ್ದರೆ ಅದರ ಹಿಂದೆ ಈ ದುಡಿಮೆ ಇದೆ.

ಮರ ಕೊಡುವ ಸಕ್ಕರೆಯೂ ಸಣ್ಣದಲ್ಲ. ತಾನು ಮಾಡಿದ ಅನ್ನದ ಹತ್ತನೇ ಒಂದು ಪಾಲು, ಕೆಲವೊಮ್ಮೆ ಐದನೇ ಒಂದು ಪಾಲು ಬೇರಿನ ಸಂಗಾತಿಗೇ ಹೋಗುತ್ತದೆ ಎಂದು ಇಂಥ ಮರಗಳ ಮೇಲೆ ನಡೆದ ಅಳತೆಗಳು ಹೇಳುತ್ತವೆ. ನಾವು ಸುಕ್ಕ ಮಾಡಿ ತಿನ್ನುವ ಕಲ್ಲಣಬೆ ಬಿಸಿಲಿನಲ್ಲಿ ಬೋಗಿಯ ಎಲೆ ಬೇಯಿಸಿದ ಅನ್ನ. ಹೀಗಾಗಿಯೇ ನಾನು ಅದನ್ನು ಮರದ ಇನ್ನೊಂದು ತುದಿ ಎನ್ನುತ್ತಿರುವುದು. ಮೇಲಿನ ತುದಿಯಲ್ಲಿ ರೆಕ್ಕೆಯ ಬೀಜ, ಕೆಳಗಿನ ತುದಿಯಲ್ಲಿ ಈ ಗುಂಡು. ಎರಡೂ ಬೇಸಿಗೆ ಮುಗಿದು ಮಳೆ ಶುರುವಾಗುವ ಹೊತ್ತಿಗೇ ತಯಾರಾಗುತ್ತವೆ. ಬೋಗಿಯ ಬೀಜಕ್ಕೆ ಕಾದು ಕೂರುವ ತಾಳ್ಮೆ ಇಲ್ಲ. ಉದುರಿದ ಕೆಲವೇ ದಿನಗಳಲ್ಲಿ ಮೊಳೆಯಬೇಕು, ಇಲ್ಲದಿದ್ದರೆ ಸತ್ತಂತೆ. ತಾಯಿಮರದ ಸುತ್ತ ಬಿದ್ದು ಮೊಳೆತ ಸಸಿಗೆ ನೆಲದಡಿಯಲ್ಲಿ ಬಲೆ ಮೊದಲೇ ಹಾಸಿರುತ್ತದೆ.

ಇಲ್ಲಿಂದ ಮುಂದೆ ಕಥೆ ಮಲ್ಪೆಯ ಕಡಲಿಗೆ ಹೋಗುತ್ತದೆ. ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಆ ಕಲ್ಲಿನ ಕಂಬಗಳನ್ನು ನೋಡಿರುತ್ತಾರೆ. ಐದು, ಆರು ಮುಖದ, ಕಲ್ಲುಕುಟಿಗ ಕೆತ್ತಿ ನಿಲ್ಲಿಸಿದಂಥ ಕಂಬಗಳು. ಲಾವಾ ಹರಿದು ತಣಿದು ಬಿರುಕು ಬಿಟ್ಟಾಗ ಆದ ರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಆ ಲಾವಾ ಹರಿದದ್ದು ಭಾರತವೂ ಮಡಗಾಸ್ಕರವೂ ಒಂದೇ ನೆಲವಾಗಿದ್ದು ಸೀಳಿ ಬೇರಾದ ಕಾಲದಲ್ಲಿ, ಇವತ್ತಿಗೆ ಹತ್ತಿರ ಹತ್ತಿರ 9 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಕಂಬಗಳು ಆ ಒಡಕಿನ ಈ ಬದಿಯ ಅಂಚು.

ಆ ಬದಿಯ ಅಂಚಿನಲ್ಲಿ, ಮಡಗಾಸ್ಕರದಲ್ಲಿ, ಬೇರೆಲ್ಲೂ ಇಲ್ಲದ ಒಂದು ಮರಗಳ ಕುಟುಂಬವಿದೆ: ಸಾರ್ಕೊಲೀನೇಸಿ. ವಂಶಾವಳಿಯಲ್ಲಿ ಅದು ನಮ್ಮ ಬೋಗಿ, ಧೂಪ, ಸಾಲಗಳ ಹತ್ತಿರದ ದಾಯಾದಿ. 2004ರಲ್ಲಿ ಸಂಶೋಧಕರು ಅದರ ಬೇರುಗಳನ್ನು ಅಗೆದು ನೋಡಿದರು. ಅದೇ ಕಾಲುಚೀಲ, ಅದೇ ಗಾರೆಯಂಥ ಬಲೆ. ನೆಲ ಒಡೆದ ಮೇಲೆ ಎರಡೂ ಕಡೆಯ ಮರಗಳು ಒಂದೇ ವಿದ್ಯೆಯನ್ನು ಪ್ರತ್ಯೇಕವಾಗಿ ಕಲಿತವು ಎನ್ನುವುದಕ್ಕಿಂತ, ಒಡೆಯುವ ಮೊದಲೇ ಇಬ್ಬರಿಗೂ ಹಿರಿಯನಾದ ಮರ ಶಿಲೀಂಧ್ರದ ಕೈ ಹಿಡಿದಿತ್ತು ಎನ್ನುವುದು ಸರಳ. ಅವರು ಹಾಗೆಯೇ ವಾದಿಸಿದರು. ಹೊಸ ಪುರಾವೆಗಳು ಸೇರುತ್ತ ಹೋದ ಹಾಗೆ ಈ ಕಥೆಯ ವಿವರಗಳು ತಿದ್ದುಪಡಿಯಾಗುತ್ತ ಬಂದಿವೆ. 2022ರಲ್ಲಿ ಪ್ರಕಟವಾದ ಪರಾಗದ ಪಳೆಯುಳಿಕೆಗಳ ಅಧ್ಯಯನ ಈ ಮನೆತನದ ತೊಟ್ಟಿಲು ಆಫ್ರಿಕಾ ಎಂದಿತು. ಅಲ್ಲಿಂದ ಭಾರತಕ್ಕೆ, ಭಾರತದ ನೆಲ ಉತ್ತರಕ್ಕೆ ತೇಲಿ ಏಷ್ಯಾಕ್ಕೆ ಮುಟ್ಟಿದ ಮೇಲೆ ಅಲ್ಲಿಂದ ಬೊರ್ನಿಯೊವರೆಗೆ. ಒಂದಂತೂ ಗಟ್ಟಿ: ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಈ ಮರಗಳ ಅಂಟು ಗಟ್ಟಿಯಾಗಿ ಆದ ಶಿಲಾರಾಳ ಸಿಗುತ್ತದೆ, 5 ಕೋಟಿ ವರ್ಷಕ್ಕೂ ಹಳೆಯದು. ಅದರ ಒಂದು ತುಂಡಿನೊಳಗೆ ಶಿಲೀಂಧ್ರದ ಕಾಲುಚೀಲ ತೊಟ್ಟ ಬೇರಿನ ತುದಿಗಳು ಹಾಗೆಯೇ ಉಳಿದಿದ್ದವು. 2011ರಲ್ಲಿ ಅದರ ವರದಿ ಬಂತು. ಹೂ ಬಿಡುವ ಮರಗಳಲ್ಲಿ ಈ ಜೊತೆಯಾಟಕ್ಕೆ ಆ ವೇಳೆಗೆ ಸಿಕ್ಕಿದ್ದ ಅತ್ಯಂತ ಹಳೆಯ ಸಾಕ್ಷಿ ಅದು.

ಬುಟ್ಟಿಯಲ್ಲಿ ಕೂತ ಗುಂಡಿನ ಹಿಂದೆ ಇಷ್ಟು ದೂರದ ದಾರಿ ಇದೆ ಎಂದು ಗೊತ್ತಾದ ವರ್ಷ ನಾನು ತೊಳೆಯುವಾಗ ಸ್ವಲ್ಪ ನಿಧಾನ ಮಾಡಿದೆ.

ಕಲ್ಲಣಬೆಯ ಶಾಸ್ತ್ರೀಯ ಹೆಸರು ಆಸ್ಟ್ರಿಯಸ್. ಗ್ರೀಕ್ ಪುರಾಣದಲ್ಲಿ ನಕ್ಷತ್ರಗಳ ತಂದೆಯ ಹೆಸರು ಅದು. ಗುಂಡಗಿನ ಅಣಬೆಗೂ ನಕ್ಷತ್ರಕ್ಕೂ ಏನು ಸಂಬಂಧ ಎಂದು ಅಡುಗೆಮನೆಯಿಂದ ನೋಡಿದವರಿಗೆ ತಿಳಿಯುವುದಿಲ್ಲ. ಏಕೆಂದರೆ ನಾವು ತಿನ್ನುವುದು ಮೊಗ್ಗು. ಹೆಕ್ಕುವವರ ಕಣ್ಣು ತಪ್ಪಿಸಿದ್ದು ಬಲಿಯುತ್ತದೆ. ಒಳಗಿನ ಬಿಳಿ ಕಂದಾಗಿ, ಕೊನೆಗೆ ಕಾಫಿಪುಡಿಯಂಥ ಬೀಜಾಣುಗಳಾಗುತ್ತದೆ. ಹೊರಗಿನ ಗಟ್ಟಿ ಸಿಪ್ಪೆ ನೆತ್ತಿಯಿಂದ ಸೀಳಿ ಎಸಳುಗಳಾಗಿ ಹಿಂದಕ್ಕೆ ಬಾಗುತ್ತದೆ. ನಡುವೆ ತೆಳುವಾದ ಚೀಲ, ಅದರ ತುದಿಗೊಂದು ತೂತು. ಮಳೆಹನಿ ಚೀಲಕ್ಕೆ ಬಡಿದಾಗಲೆಲ್ಲ ಉಸಿರಿನಷ್ಟು ಪುಡಿ ಹಾರುತ್ತದೆ. ಇದರ ಚೆಂದ ಇರುವುದು ಬಿಸಿಲಾದಾಗ. ಒಣಗಿದರೆ ಎಸಳುಗಳು ಮುಷ್ಟಿಯಂತೆ ಮುಚ್ಚಿಕೊಂಡು ಚೀಲವನ್ನು ಕಾಯುತ್ತವೆ, ನೀರು ಬಿದ್ದರೆ ಮತ್ತೆ ಬಿಚ್ಚುತ್ತವೆ. ಅಣಬೆ ಸತ್ತು ತಿಂಗಳುಗಳಾದ ಮೇಲೂ ಈ ಕೆಲಸ ನಿಲ್ಲುವುದಿಲ್ಲ. ಸಿಪ್ಪೆಯ ಪದರಗಳು ನೀರು ಹೀರಿ ಉಬ್ಬುವ ಪ್ರಮಾಣ ಬೇರೆ ಬೇರೆಯಾದ್ದರಿಂದ ಅದು ತಾನಾಗಿ ಬಾಗುತ್ತದೆ. ಯುರೋಪಿನ ಪ್ರಭೇದಕ್ಕೆ ಹೈಗ್ರೊಮೆಟ್ರಿಕಸ್, ಎಂದರೆ ತೇವ ಅಳೆಯುವುದು, ಎಂದು ಹೆಸರು ಬಂದದ್ದು ಇದರಿಂದಲೇ. ಬಹುಕಾಲ ಜಗತ್ತಿನ ಎಲ್ಲ ಕಲ್ಲಣಬೆಗಳನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. 2004ರಿಂದೀಚೆಗೆ ಥಾಯ್ಲೆಂಡಿನ ಮಾದರಿಗಳ ಅಧ್ಯಯನದಿಂದ ಶುರುವಾಗಿ, ಏಷ್ಯಾದವು ಬೇರೆಯೇ ಪ್ರಭೇದಗಳೆಂದು ಒಂದೊಂದಾಗಿ ತಿಳಿಯುತ್ತ ಬಂತು. ನಮ್ಮ ಕರಾವಳಿಯವನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಹಾಡಿ ಸುತ್ತಿ ಅಭ್ಯಾಸ ಮಾಡಿದ್ದಾರೆ. ಹೆಸರಿನ ಪಂಚಾಯಿತಿ ಅವರಿಗಿರಲಿ.

ತಿನ್ನುವ ವಿಷಯದಲ್ಲಿ ತುಳುನಾಡು ಒಂಟಿಯಲ್ಲ. ಸಾಲ ಮರ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಮೊದಲ ಮಳೆಗೆ ಇದರ ಸಂತೆ ಸೇರುತ್ತದೆ. ಜಾರ್ಖಂಡಿನಲ್ಲಿ ಇದು ರುಗಡಾ, ಛತ್ತೀಸಗಡದ ಬಸ್ತರಿನಲ್ಲಿ ಬೋಡಾ. ಅಲ್ಲಿಯೂ ಬೆಳಗಿನ ಜಾವ ಕಾಡಿಗೆ ಹೋಗಿ ನೆಲ ಕೆದಕುವವರು ಹೆಚ್ಚಾಗಿ ಆದಿವಾಸಿ ಹೆಂಗಸರು. ಉತ್ತರ ಥಾಯ್ಲೆಂಡಿನಲ್ಲಿ ಇದೇ ಅಣಬೆಗೆ ಎಷ್ಟು ಬೇಡಿಕೆ ಎಂದರೆ, ತರಗೆಲೆ ಸುಟ್ಟರೆ ಹೆಚ್ಚು ಏಳುತ್ತದೆ, ಹುಡುಕಲೂ ಸುಲಭ ಎಂದು ಕಾಡಿಗೆ ಬೆಂಕಿ ಇಡುವ ರೂಢಿ ಬೆಳೆದು, ಅಲ್ಲಿನ ಬೇಸಿಗೆಯ ಹೊಗೆಗೆ ಅದೂ ಒಂದು ಕಾರಣವೆಂದು ದೊಡ್ಡ ಚರ್ಚೆಯಾಗಿದೆ.

ಹೆಕ್ಕುವುದರಿಂದ ಅಣಬೆ ಮುಗಿದುಹೋಗುತ್ತದೆಯೇ? ಸ್ವಿಟ್ಜರ್ಲೆಂಡಿನಲ್ಲಿ 1975ರಿಂದ 2003ರವರೆಗೆ ಒಂದು ಕಾಡಿನಲ್ಲಿ ಇದನ್ನೇ ಪರೀಕ್ಷಿಸಿದರು. ಕಿತ್ತರೂ, ಕೊಯ್ದರೂ ಮುಂದಿನ ವರ್ಷಗಳ ಫಲ ಕುಗ್ಗಲಿಲ್ಲ. ನೆಲವನ್ನು ತುಳಿದಲ್ಲಿ ಮಾತ್ರ ಅಣಬೆಗಳ ಸಂಖ್ಯೆ ಇಳಿಯಿತು. ಹಣ್ಣು ಕಿತ್ತರೆ ಮರ ಸಾಯುವುದಿಲ್ಲವಷ್ಟೆ. ಆದರೆ ಕಲ್ಲಣಬೆಯನ್ನು ನಾವು ಬೀಜಾಣು ಕಟ್ಟುವ ಮೊದಲೇ ತೆಗೆಯುತ್ತೇವೆ. ಅದಕ್ಕೇ ಒಂದು ಜಾಗವನ್ನು ಪೂರ್ತಿ ಬರಿದು ಮಾಡದೆ ಸ್ವಲ್ಪ ಬಿಟ್ಟು ಬರುವವರ ಮೇಲೆ ನನಗೆ ಗೌರವ.

ಇತ್ತೀಚೆಗೆ ನೆಲದಡಿಯ ಈ ಬಲೆಗೆ ಕಾಡಿನ ಇಂಟರ್ನೆಟ್ ಎಂಬ ಹೆಸರು ಅಂಟಿಕೊಂಡಿದೆ. ಕೆನಡಾದ ಸುಜಾನ್ ಸಿಮರ್ಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಬರ್ಚ್ ಮತ್ತು ಡಗ್ಲಾಸ್ ಫರ್ ಸಸಿಗಳ ನಡುವೆ ಇಂಗಾಲ ಹರಿದಾಡಿದ್ದನ್ನು ವರದಿ ಮಾಡಿದ ಮೇಲೆ, ತಾಯಿಮರ ಮಕ್ಕಳಿಗೆ ಹಾಲೂಡುತ್ತದೆ, ಮರಗಳು ಮಾತಾಡಿಕೊಳ್ಳುತ್ತವೆ ಎಂಬ ಕಥೆಗಳು ಬೆಳೆದವು. 2023ರಲ್ಲಿ ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು ಇದ್ದ ಪುರಾವೆಗಳನ್ನೆಲ್ಲ ಮತ್ತೆ ತೂಗಿ, ನಿಜವಾದ ಕಾಡಿನಲ್ಲಿ ಇದು ಇಷ್ಟು ವ್ಯಾಪಕ ಎನ್ನಲು ಆಧಾರ ಸಾಲದು ಎಂದರು. ನನಗೆ ಅವರ ಎಚ್ಚರಿಕೆ ಹಿಡಿಸುತ್ತದೆ. ಶಿಲೀಂಧ್ರ ತನ್ನ ಹೊಟ್ಟೆಗಾಗಿ ದುಡಿಯುತ್ತದೆ, ಮರ ತನ್ನ ಹೊಟ್ಟೆಗಾಗಿ. ಇಬ್ಬರ ಹೊಟ್ಟೆಯೂ ಒಂದೇ ಒಲೆಯಲ್ಲಿ ತುಂಬುವುದು ಕೋಟ್ಯಂತರ ವರ್ಷ ನಡೆದುಬಂದಿದೆ. ಇದಕ್ಕೆ ತಾಯಿ-ಮಗುವಿನ ಬಣ್ಣ ಬಳಿಯಬೇಕಾದ ಅಗತ್ಯವೇ ಇಲ್ಲ.

ಕಲ್ಲಣಬೆಯನ್ನು ಚೀಲದಲ್ಲಿ ಬೆಳೆಸಬಾರದೇಕೆ ಎಂದು ಪ್ರತಿ ಮಳೆಗಾಲವೂ ಯಾರಾದರೂ ಕೇಳುತ್ತಾರೆ. ಇಷ್ಟು ಬೆಲೆ ಇರುವಾಗ ಕೇಳುವುದು ನ್ಯಾಯ. ಹುಲ್ಲು ಕೊಳೆಸಿ ತಿನ್ನುವ ವಿದ್ಯೆಯನ್ನು ಈ ದಾರಿಯ ಶಿಲೀಂಧ್ರಗಳು ಬಹುಪಾಲು ಕಳೆದುಕೊಂಡಿವೆ. 2008ರಲ್ಲಿ ಲಕೇರಿಯಾ ಎಂಬ ಬೇರಣಬೆಯ ಪೂರ್ತಿ ಜೀನೋಮ್ ಓದಿದಾಗ ಸಸ್ಯದ ನಾರನ್ನು ಅರಗಿಸುವ ಜೀನ್‌ಗಳ ಪಟ್ಟಿ ಬಹಳ ಚಿಕ್ಕದಾಗಿತ್ತು. ಮನೆಯಲ್ಲಿ ದಿನವೂ ಅನ್ನ ಸಿಗುವವರು ಭಿಕ್ಷೆಯ ವಿದ್ಯೆ ಮರೆತಂತೆ. ಜೀವಂತ ಬೇರು ಇಲ್ಲದೆ ಅವು ಹಣ್ಣು ಬಿಡುವುದಿಲ್ಲ. ಥಾಯ್ಲೆಂಡಿನಲ್ಲಿ ಸಸಿಯ ಬೇರಿಗೇ ಬೀಜಾಣು ಉಣಿಸಿ ನೆಡುವ ಪ್ರಯತ್ನಗಳು ನಡೆದಿವೆ. ಅಂದರೆ ಅಣಬೆ ಬೇಕಿದ್ದವರು ಮೊದಲು ಮರ ನೆಡಬೇಕು, ಆಮೇಲೆ ವರ್ಷಗಟ್ಟಲೆ ಕಾಯಬೇಕು.

ಆ ಮರ ಈಗ ನಮ್ಮಲ್ಲಿ ಹೇಗೂ ಇದೆ, ಹಾಡಿಯಲ್ಲಿದೆ. ಊರಿಗೂ ಕಾಡಿಗೂ ನಡುವಿನ ಈ ಕುರುಚಲು ಕಾಡನ್ನು ದೂರದಿಂದ ನೋಡಿದವರು ಪಾಳು ಗುಡ್ಡೆ ಎನ್ನುತ್ತಾರೆ. ಎತ್ತರದ ಮರವಿಲ್ಲ, ಹುಲಿ ಆನೆ ಇಲ್ಲ, ಅರ್ಧ ಕಲ್ಲು, ಅರ್ಧ ಕುಂಟಲ ಪೊದೆ. ಪಾಳು ಎಂದ ಮೇಲೆ ಜೆಸಿಬಿ ಬರಲು ಹೆಚ್ಚು ಹೊತ್ತು ಬೇಡ. ಒಂದು ಕಡೆ ಕಲ್ಲಿನ ಕೋರೆ, ಇನ್ನೊಂದು ಕಡೆ ಸೈಟು, ಮತ್ತೊಂದು ಕಡೆ ಸಾಲಾಗಿ ಅಕೇಶಿಯಾ. ಅಕೇಶಿಯಾಕ್ಕೂ ತನ್ನದೇ ಶಿಲೀಂಧ್ರ ಸಂಗಾತಿಗಳಿವೆ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಬೋಗಿಯ ಬೇರು ಕಿತ್ತ ಜಾಗಕ್ಕೆ ಬೋಗಿಯ ಬೇರಿನ ತುದಿ ಮತ್ತೆ ಬರುವುದಿಲ್ಲ. ಕೋರೆ ತೋಡಿದ ಗುಡ್ಡೆಯಲ್ಲಂತೂ ಮಣ್ಣಿನ ಮೇಲಿನ ಎರಡು ಗೇಣೇ ಇರುವುದಿಲ್ಲ. ಕಲ್ಲಣಬೆಯ ಸಂಸಾರವೆಲ್ಲ ಇದ್ದದ್ದು ಆ ಎರಡು ಗೇಣಿನಲ್ಲಿ. ನನ್ನ ಕಣ್ಣೆದುರೇ ಹೀಗೆ ಎರಡು ಹಾಡಿ ಹೋದವು. ಒಂದರ ಜಾಗದಲ್ಲಿ ಈಗ ಮಳೆಗಾಲಕ್ಕೆ ಹಸಿರು ನೀರು ತುಂಬಿದ ಚೌಕಾಕಾರದ ಹೊಂಡವಿದೆ. ಅಲ್ಲಿ ಬೀಳುವ ಮಳೆ, ಅಲ್ಲಿ ಮೊಳಗುವ ಗುಡುಗು ಮೊದಲಿನಷ್ಟೇ ಇವೆ.

ರಸ್ತೆಬದಿಯ ಆ ಹೆಂಗಸನ್ನು ಆಮೇಲೆ ಬಹಳ ವರ್ಷ ಅದೇ ತಿರುವಿನಲ್ಲಿ ನೋಡಿದ್ದೇನೆ. ಒಮ್ಮೆ ನನಗಾಗಿ ಬಲಿತ ಒಂದು ಕಲ್ಲಣಬೆಯನ್ನು ಎಲೆಯಲ್ಲಿ ಸುತ್ತಿ ತಂದಿದ್ದರು. ‘ಇದು ತಿನ್ಲಿಕ್ಕೆ ಅಲ್ಲ. ನೀವು ಏನೇನೋ ಕೇಳ್ತೀರಲ್ಲ, ಇಟ್ಕೊಳ್ಳಿ. ಹೂ ಆಗಿದೆ’ ಎಂದಿದ್ದರು. ಅದನ್ನು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ದೀಪಾವಳಿಯ ಹೊತ್ತಿಗೆ ಮುಷ್ಟಿ ಕಟ್ಟಿಕೊಂಡರೆ ಬೇಸಿಗೆ ಪೂರ್ತಿ ಹಾಗೇ ಇರುತ್ತದೆ, ಧೂಳು ಹಿಡಿದ ಅಡಿಕೆಯ ಹಾಗೆ. ಈ ಸಲ ಮೇ ಕೊನೆಯ ಒಂದು ರಾತ್ರಿ ಪಡುವಣ ಗಾಳಿ ಎದ್ದು ಮಳೆಯ ಎರಚಲು ಕಿಟಕಿಯಿಂದ ಒಳಗೆ ಬಂತು. ಬೆಳಿಗ್ಗೆ ಕಾಫಿಗೆ ನೀರಿಡಲು ಹೋದಾಗ ನೋಡಿದೆ. ಏಳು ಎಸಳೂ ಬಿಚ್ಚಿದ್ದವು.